ಕಾರ್ನರ್‌ಬ್ಯಾಕ್‌ನ ವೃತ್ತಿಜೀವನವನ್ನು ಅಳೆಯುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಗಜಗಳನ್ನೋ ಅದನ್ನು ಹಿಡಿಯುವ ರಿಸೀವರ್ ಗಳಿಸಿದ ಗಜಗಳನ್ನೋ ಕೂಡಿಸಿದರೆ ಆ ಆಟಗಾರನ ವೃತ್ತಿಜೀವನದ ಒಂದು ಸ್ಥೂಲ ಚಿತ್ರವಾದರೂ ಸಿಗುತ್ತದೆ. ಕಾರ್ನರ್‌ಬ್ಯಾಕ್‌ನ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಮೈದಾನದ ಅಂಚಿನ ಕಡೆ ನಿಂತು, ಎದುರಾಳಿ ತಂಡದ ರಿಸೀವರ್‌ಗೆ ಚೆಂಡು ದಕ್ಕದಂತೆ ನೋಡಿಕೊಳ್ಳುವುದು ಆತನ ಕೆಲಸ. ಆ ಕೆಲಸವನ್ನು ಆತ ಅತ್ಯುತ್ತಮವಾಗಿ ಮಾಡಿದ ದಿನ ಚೆಂಡು ಆತನ ಕಡೆ ಬರುವುದೇ ಅಪರೂಪ. ಹಾಗಾಗಿ ಅಂಕಿಅಂಶಗಳ ಪಟ್ಟಿಯಲ್ಲಿ ಆತನ ಹೆಸರಿನ ಮುಂದೆ ಬರೆಯುವುದಕ್ಕೂ ಹೆಚ್ಚೇನೂ ಇರುವುದಿಲ್ಲ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಒಬ್ಬ ಕಾರ್ನರ್‌ಬ್ಯಾಕ್‌ನನ್ನು ಡ್ರಾಫ್ಟ್‌ನಿಂದ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ನಿವೃತ್ತಿಯವರೆಗೆ ಅನುಸರಿಸಿ, ಆತನ ನಿಜವಾದ ಬೆಲೆಯನ್ನು ಅರಿಯಬೇಕೆನ್ನುವ ಓದುಗರಿಗಾಗಿ ಈ ಬರಹ.

ಮೊದಲು ಒಂದು ಪಂದ್ಯವನ್ನು ನೋಡಲು ಕಲಿಯಿರಿ

ವೃತ್ತಿಜೀವನದ ಕಡತಕ್ಕೆ ಕೈಹಾಕುವ ಮೊದಲು ಒಂದು ಇಡೀ ಪಂದ್ಯದಲ್ಲಿ ಒಬ್ಬನೇ ಕಾರ್ನರ್‌ಬ್ಯಾಕ್‌ನ ಮೇಲೆ ಕಣ್ಣಿಟ್ಟು ನೋಡಿ. ದೂರದರ್ಶನದ ಸಾಮಾನ್ಯ ಪ್ರಸಾರದಲ್ಲಿ ಇದು ಕಷ್ಟ, ಏಕೆಂದರೆ ಪ್ರತಿ ಆಟ, ಅಂದರೆ ಪಂದ್ಯದೊಳಗಿನ ಒಂದೊಂದು ಸರದಿ, ಆರಂಭವಾದ ಕ್ಷಣದಿಂದ ಕ್ಯಾಮೆರಾ ಚೆಂಡನ್ನು ಹಿಂಬಾಲಿಸುತ್ತದೆ. ರಿಸೀವರ್ ಮತ್ತು ಅವನ ಬೆನ್ನುಹತ್ತಿದ ಕಾರ್ನರ್‌ಬ್ಯಾಕ್ ಇಬ್ಬರೂ ಚೌಕಟ್ಟಿನಿಂದ ಆಚೆ ಓಡಿಹೋಗುತ್ತಾರೆ. ಎರಡೂ ತಂಡಗಳ 22 ಆಟಗಾರರೂ ಕಾಣುವಂತೆ ಎತ್ತರದಿಂದ ಚಿತ್ರಿಸಿದ, ತರಬೇತುದಾರರು ಬಳಸುವ ‘ಆಲ್-22’ ದೃಶ್ಯ ಸಿಕ್ಕಿದರೆ ಅದನ್ನೇ ನೋಡಿ. ಅದು ಸಿಗದಿದ್ದರೆ ಪ್ರತಿ ಆಟದ ನಂತರದ ಮರುಪ್ರಸಾರಗಳನ್ನು ಗಮನಿಸಿ.

ನೋಡುವಾಗ ಒಂದು ಹಾಳೆಯಲ್ಲಿ ಕೆಲವೇ ಸಂಗತಿಗಳನ್ನು ಬರೆದುಕೊಂಡರೆ ಸಾಕು. ಚೆಂಡು ಸ್ನ್ಯಾಪ್ ಆಗುವ (ಆಟ ಶುರುಮಾಡಲು ಅದನ್ನು ಹಿಂದಕ್ಕೆ ಕೊಡುವ) ಮೊದಲು ಆತ ರಿಸೀವರ್‌ನ ಎದುರಿಗೇ ನಿಂತು ಒತ್ತುತ್ತಿದ್ದಾನೆಯೇ, ಅಥವಾ ಏಳೆಂಟು ಗಜ ಹಿಂದೆ ಸರಿದು ನಿಂತಿದ್ದಾನೆಯೇ? ಯಾವಾಗಲೂ ಒಂದೇ ಬದಿಯಲ್ಲಿ ನಿಲ್ಲುತ್ತಾನೆಯೇ, ಅಥವಾ ಎದುರಾಳಿಯ ಅತ್ಯುತ್ತಮ ರಿಸೀವರ್ ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುತ್ತಾನೆಯೇ? ಓಡುವಾಗ ಆತನ ದೃಷ್ಟಿ ರಿಸೀವರ್‌ನ ಸೊಂಟದ ಮೇಲಿದೆಯೋ, ಕ್ವಾರ್ಟರ್‌ಬ್ಯಾಕ್‌ನ ಮೇಲಿದೆಯೋ? ಮೊದಲನೆಯದಾದರೆ ಬಹುತೇಕ ಮ್ಯಾನ್ ಕವರೇಜ್, ಅಂದರೆ ಒಬ್ಬನಿಗೆ ಒಬ್ಬ ಕಾವಲು. ಎರಡನೆಯದಾದರೆ ಮೈದಾನದ ಒಂದು ಭಾಗವನ್ನು ಕಾಯುವ ಜೋನ್ ಕವರೇಜ್ ಎಂದು ತಿಳಿಯಬಹುದು. ಕೊನೆಯದಾಗಿ, ಆತನ ಹಿಂದೆ ನೆರವಿಗೆ ಸೇಫ್ಟಿ, ಅಂದರೆ ರಕ್ಷಣೆಯ ಕೊನೆಯ ಸಾಲಿನ ಆಟಗಾರ, ಇದ್ದನೇ ಎಂಬುದನ್ನು ತಪ್ಪದೆ ಗುರುತಿಸಿ. ಹಿಂದೆ ನೆರವಿರುವಾಗ ಪಾಸ್ ತಡೆಯುವುದಕ್ಕೂ, 53 ಗಜಕ್ಕಿಂತ ಸ್ವಲ್ಪ ಹೆಚ್ಚು ಅಗಲವಿರುವ ಮೈದಾನದ ಅರ್ಧವನ್ನು ಒಬ್ಬನೇ ಕಾಯುವುದಕ್ಕೂ ಬಹಳ ಅಂತರವಿದೆ.

ಚೆಂಡು ಆತನ ಕಡೆ ಬಾರದ ಆಟಗಳನ್ನೂ ಬರೆದುಕೊಳ್ಳಿ. ಆ ರಿಸೀವರ್ ಬಿಡುವಾಗಿದ್ದರೂ ಕ್ವಾರ್ಟರ್‌ಬ್ಯಾಕ್ ಬೇರೆಡೆ ನೋಡಿದನೇ, ಅಥವಾ ನೋಡಿ, ಜಾಗ ಕಾಣದೆ, ಕಣ್ಣು ತಿರುಗಿಸಿದನೇ ಎಂಬ ವ್ಯತ್ಯಾಸವೇ ಈ ಸ್ಥಾನದ ಸಾರ ಎಂದು ನಾನು ಭಾವಿಸುತ್ತೇನೆ.

ಇಂಟರ್‌ಸೆಪ್ಷನ್‌ಗಳನ್ನು ಎಚ್ಚರಿಕೆಯಿಂದ ಎಣಿಸಿ

ಎಲ್ಲರ ಕಣ್ಣಿಗೆ ಬೀಳುವ ಅಂಕಿ ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಪಾಸನ್ನು ತಾನೇ ಹಿಡಿಯುವುದು. ಅದರ ಬೆಲೆ ದೊಡ್ಡದು, ಏಕೆಂದರೆ ಒಂದೇ ಏಟಿಗೆ ಚೆಂಡು ತಂಡದ ಕೈಸೇರುತ್ತದೆ. ಆದರೆ ಆತನ ಕಡೆ ಎಷ್ಟು ಬಾರಿ ಎಸೆದರು ಎಂಬುದು ತಿಳಿಯದೆ ಈ ಸಂಖ್ಯೆಯಿಂದ ಏನನ್ನೂ ತೀರ್ಮಾನಿಸಬೇಡಿ. ನಾಮ್ಡಿ ಆಸಮ್ವಾ 2006ರಲ್ಲಿ ಓಕ್‌ಲೆಂಡ್ ರೈಡರ್ಸ್ ಪರ 8 ಇಂಟರ್‌ಸೆಪ್ಷನ್ ಪಡೆದರು. ಮುಂದಿನ ನಾಲ್ಕು ಋತುಗಳಲ್ಲಿ ಒಟ್ಟಾಗಿ ಪಡೆದದ್ದು ಮೂರೇ. ಅವರು ಕುಸಿದರೆಂದು ಯಾರಾದರೂ ಭಾವಿಸಿದರೆ ಅದು ಶುದ್ಧ ತಪ್ಪು: ಕ್ವಾರ್ಟರ್‌ಬ್ಯಾಕ್‌ಗಳು ಅವರ ಕಡೆ ಎಸೆಯುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದ್ದರು, ಮತ್ತು ಅವರಿಗೆ ಆಲ್-ಪ್ರೊ ಮೊದಲ ತಂಡದ (ಆ ಋತುವಿನ ಲೀಗ್‌ನ ಅತ್ಯುತ್ತಮರ ಪಟ್ಟಿಯ) ಗೌರವ ಬಂದದ್ದು ಈ ‘ಖಾಲಿ’ ವರ್ಷಗಳಲ್ಲಿಯೇ. ನ್ಯೂಯಾರ್ಕ್ ಜೆಟ್ಸ್‌ನ ಡಾರೆಲ್ ರೆವಿಸ್ 2010ರಲ್ಲಿ ಒಂದೂ ಇಂಟರ್‌ಸೆಪ್ಷನ್ ಇಲ್ಲದೆ ಆಲ್-ಪ್ರೊ ಮೊದಲ ತಂಡಕ್ಕೆ ಆಯ್ಕೆಯಾದರು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಡಲ್ಲಾಸ್ ಕೌಬಾಯ್ಸ್‌ನ ಟ್ರೆವಾನ್ ಡಿಗ್ಸ್ 2021ರಲ್ಲಿ 11 ಇಂಟರ್‌ಸೆಪ್ಷನ್ ಪಡೆದು ಲೀಗ್‌ನಲ್ಲಿ ಮೊದಲಿಗರಾದರು. ಅದೇ ಋತುವಿನಲ್ಲಿ ಅವರ ಕಾವಲಿನಲ್ಲಿ ಎದುರಾಳಿಗಳು ಗಳಿಸಿದ ಗಜಗಳೂ ಲೀಗ್‌ನ ಅತಿ ಹೆಚ್ಚಿನವುಗಳ ಸಾಲಿನಲ್ಲಿದ್ದವು. ಚೆಂಡು ಎಲ್ಲಿಗೆ ಬರುತ್ತದೆಂದು ಊಹಿಸಿ ನುಗ್ಗುವ ಆಟಗಾರನಿಗೆ ಲಾಭವೂ ನಷ್ಟವೂ ಜೊತೆಯಾಗಿಯೇ ಬರುತ್ತವೆ. ಅದನ್ನು ದೋಷವೆನ್ನಬೇಕಾಗಿಲ್ಲ, ಆದರೆ ಎರಡು ಲೆಕ್ಕಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಆದ್ದರಿಂದ ನಿಮ್ಮ ಹಾಳೆಯಲ್ಲಿ ಇಂಟರ್‌ಸೆಪ್ಷನ್ ಜೊತೆಗೆ ತಡೆದ ಪಾಸ್‌ಗಳು, ಆತನ ಕಡೆ ಎಸೆದ ಪಾಸ್‌ಗಳು, ಅವುಗಳಲ್ಲಿ ಪೂರ್ಣಗೊಂಡವು, ಬಿಟ್ಟುಕೊಟ್ಟ ಗಜಗಳು ಮತ್ತು ಪೆನಾಲ್ಟಿಗಳು ಇರಲಿ. ಆತನ ಕಡೆ ಎಸೆದಾಗ ಎದುರಾಳಿಗಳ ಪಾಸರ್ ರೇಟಿಂಗ್, ಅಂದರೆ ಎಸೆತಗಳ ಫಲವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆ, ಎಷ್ಟಿತ್ತು ಎಂಬುದೂ ಉಪಯುಕ್ತ. ಪ್ರತಿ ಪಾಸನ್ನೂ ಯಾರಿಗೂ ಸಿಗದಂತೆ ನೆಲಕ್ಕೆ ಎಸೆದರೆ ರೇಟಿಂಗ್ 39.6 ಆಗುತ್ತದೆ, ಒಬ್ಬ ಕಾರ್ನರ್‌ಬ್ಯಾಕ್‌ನ ವಿರುದ್ಧದ ರೇಟಿಂಗ್ ಅದಕ್ಕಿಂತಲೂ ಕೆಳಗಿದ್ದರೆ, ಆತನ ಕಡೆ ಎಸೆಯುವುದಕ್ಕಿಂತ ಚೆಂಡನ್ನು ಬಿಸಾಡುವುದೇ ಮೇಲಾಗಿತ್ತು ಎಂದು ಅರ್ಥ. ಪೆನಾಲ್ಟಿಯನ್ನು ಹಗುರವಾಗಿ ಕಾಣಬೇಡಿ. ಎನ್‌ಎಫ್‌ಎಲ್‌ನಲ್ಲಿ ರಕ್ಷಣಾ ಆಟಗಾರ ಪಾಸ್ ಇಂಟರ್‌ಫಿಯರೆನ್ಸ್, ಅಂದರೆ ಪಾಸ್ ಹಿಡಿಯಹೊರಟವನಿಗೆ ನಿಯಮ ಮೀರಿ ಅಡ್ಡಿ, ಮಾಡಿದರೆ ಚೆಂಡು ತಪ್ಪು ನಡೆದ ಜಾಗಕ್ಕೇ ಹೋಗುತ್ತದೆ. 40 ಗಜ ದೂರದಲ್ಲಿ ನಡೆದರೆ 40 ಗಜವೂ ಹೋಯಿತು. ಅಂಕ ಗಳಿಸುವ ಕೊನೆಯ ಪಟ್ಟಿಯಾದ ಎಂಡ್ ಜೋನ್ ಒಳಗೆ ನಡೆದರೆ ಚೆಂಡನ್ನು 1 ಗಜದ ಗೆರೆಯ ಮೇಲಿಡುತ್ತಾರೆ.

ಕಾಲಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಬೇರೆ ಬೇರೆ ಕಾಲದ ಆಟಗಾರರನ್ನು ಹೋಲಿಸುವಾಗ ಎರಡು ಬದಲಾವಣೆಗಳು ನೆನಪಿನಲ್ಲಿರಬೇಕು. ಮೊದಲನೆಯದು ಋತುವಿನ ಉದ್ದ. ‘ನೈಟ್ ಟ್ರೇನ್’ ಎಂದೇ ಹೆಸರಾದ ಡಿಕ್ ಲೇನ್ 1952ರಲ್ಲಿ, ತಮ್ಮ ಮೊದಲ ಋತುವಿನಲ್ಲೇ, ಲಾಸ್ ಏಂಜಲೀಸ್ ರ್‍ಯಾಮ್ಸ್ ಪರ ಕೇವಲ 12 ಪಂದ್ಯಗಳಲ್ಲಿ 14 ಇಂಟರ್‌ಸೆಪ್ಷನ್ ಪಡೆದರು. ಋತು 1961ರಲ್ಲಿ 14, 1978ರಲ್ಲಿ 16, 2021ರಲ್ಲಿ 17 ಪಂದ್ಯಗಳಿಗೆ ಬೆಳೆದರೂ ಆ ದಾಖಲೆಯನ್ನು ಯಾರೂ ಮುರಿದಿಲ್ಲ.

ಎರಡನೆಯದು ನಿಯಮ, ಮತ್ತು ಇದು ಹೆಚ್ಚು ಮುಖ್ಯ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಮೆಲ್ ಬ್ಲಂಟ್ ಎತ್ತರದ, ಬಲಿಷ್ಠ ಆಟಗಾರ. ಚೆಂಡು ಗಾಳಿಗೆ ಬರುವವರೆಗೂ ರಿಸೀವರ್‌ನನ್ನು ತಳ್ಳುತ್ತ ಹೋಗಲು ಅಂದಿನ ನಿಯಮ ಅವಕಾಶ ಕೊಡುತ್ತಿತ್ತು. 1975ರಲ್ಲಿ ಅವರು 11 ಇಂಟರ್‌ಸೆಪ್ಷನ್ ಪಡೆದರು. 1978ರಲ್ಲಿ ಲೀಗ್ ಅಂಥ ಸ್ಪರ್ಶವನ್ನು ಆಟ ಆರಂಭವಾಗುವ ಸ್ಕ್ರಿಮೇಜ್ ಗೆರೆಯಿಂದ ಮೊದಲ 5 ಗಜಗಳಿಗೆ ಸೀಮಿತಗೊಳಿಸಿತು. ಆ ನಿಯಮವನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. 2004ರಿಂದ ಅದನ್ನು ಇನ್ನಷ್ಟು ಬಿಗಿಯಾಗಿ ಜಾರಿಗೊಳಿಸಲಾಯಿತು. ಅಂದರೆ ಇಂದಿನ ಕಾರ್ನರ್‌ಬ್ಯಾಕ್ ಕೈಯ ಬಲಕ್ಕಿಂತ ಪಾದದ ಚುರುಕಿನಿಂದ, ಸೊಂಟ ತಿರುಗಿಸುವ ವೇಗದಿಂದ ಬದುಕಬೇಕು. ಬ್ಲಂಟ್ ನಿಯಮ ಬದಲಾದ ಮೇಲೂ 1983ರವರೆಗೆ ಆಡಿ 57 ಇಂಟರ್‌ಸೆಪ್ಷನ್‌ಗಳೊಂದಿಗೆ ನಿವೃತ್ತರಾದರು ಎಂಬುದು ಅವರ ಹಿರಿಮೆಗೆ ನನಗೆ ಕಾಣುವ ಅತ್ಯಂತ ದೊಡ್ಡ ಸಾಕ್ಷಿ.

ಡ್ರಾಫ್ಟ್ ಮತ್ತು ಮೊದಲ ಒಪ್ಪಂದ

ಡ್ರಾಫ್ಟ್‌ನಲ್ಲಿ ಎಷ್ಟನೆಯವನಾಗಿ ಆಯ್ಕೆಯಾದ ಎಂಬುದು ಆರಂಭದ ಅವಕಾಶವನ್ನು ಹೇಳುತ್ತದೆ, ಅಷ್ಟೇ. ಡ್ರಾಫ್ಟ್‌ಗೆ ಮುನ್ನ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಪರೀಕ್ಷೆಗಳಲ್ಲಿ 40 ಗಜದ ಓಟದ ವೇಗಕ್ಕೆ ಸಿಗುವ ಪ್ರಚಾರ ಅತಿಯಾದದ್ದು. ರಿಚರ್ಡ್ ಶರ್ಮನ್ ಸ್ಟ್ಯಾನ್‌ಫರ್ಡ್‌ನಲ್ಲಿ ಮೊದಲು ರಿಸೀವರ್ ಆಗಿದ್ದವರು. 2011ರ ಐದನೇ ಸುತ್ತಿನಲ್ಲಿ 154ನೆಯವರಾಗಿ ಸಿಯಾಟಲ್ ಸೀಹಾಕ್ಸ್ ಸೇರಿ, 2013ರಲ್ಲಿ 8 ಇಂಟರ್‌ಸೆಪ್ಷನ್‌ಗಳೊಂದಿಗೆ ಲೀಗ್‌ಗೇ ಮೊದಲಿಗರಾದರು. ಯಾವ ಸುತ್ತಿನಲ್ಲೂ ಆಯ್ಕೆಯಾಗದ ಮಾಲ್ಕಮ್ ಬಟ್ಲರ್ 2015ರ ಫೆಬ್ರವರಿ 1ರಂದು ಗೋಲ್ ಗೆರೆಯ ಬಳಿ ಹಿಡಿದ ಒಂದು ಪಾಸ್ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಗೆಲುವನ್ನು ಖಚಿತಪಡಿಸಿತು. ಹಿಂದೆ ರಿಸೀವರ್ ಆಗಿದ್ದವರನ್ನು ವಿಶೇಷವಾಗಿ ಗಮನಿಸಿ: ಎದುರಾಳಿಯ ಓಟದ ದಾರಿಯನ್ನು ಅವರು ಒಳಗಿನಿಂದ ಬಲ್ಲವರು.

ಹೊಸಬನ ಮೇಲೆ ಕ್ವಾರ್ಟರ್‌ಬ್ಯಾಕ್‌ಗಳು ಬೇಕೆಂದೇ ಎಸೆಯುತ್ತಾರೆ, ಆದ್ದರಿಂದ ಮೊದಲ ಋತುವಿನ ಕೆಟ್ಟ ಅಂಕಿಗಳಿಂದ ಕಂಗೆಡಬಾರದು. 2022ರಲ್ಲಿ ಮೊದಲ ಋತುವಿನಲ್ಲೇ ಆಲ್-ಪ್ರೊ ಮೊದಲ ತಂಡ ಸೇರಿದ, ಆಗ ಜೆಟ್ಸ್‌ನಲ್ಲಿದ್ದ ಸಾಸ್ ಗಾರ್ಡ್ನರ್ ಅಪವಾದ. ಡ್ರಾಫ್ಟ್ ಆದವರ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನವರಿಗೆ ಐದನೇ ವರ್ಷವನ್ನು ಸೇರಿಸುವ ಹಕ್ಕು ತಂಡಕ್ಕಿದೆ. ಮೂರು ಋತು ಮುಗಿದ ಮೇಲೆ ಒಪ್ಪಂದವನ್ನು ವಿಸ್ತರಿಸಬಹುದಾದ್ದರಿಂದ ಎರಡನೇ ಮತ್ತು ಮೂರನೇ ಋತುಗಳನ್ನು ಹೆಚ್ಚು ಸೂಕ್ಷ್ಮವಾಗಿ ಪರೀಕ್ಷಿಸಿ.

ಹಣದ ಸುದ್ದಿಯನ್ನು ಓದುವ ಬಗೆ

ಒಪ್ಪಂದದ ಸುದ್ದಿಯಲ್ಲಿ ಒಟ್ಟು ಮೊತ್ತ ದೊಡ್ಡಕ್ಷರದಲ್ಲಿರುತ್ತದೆ. ನೀವು ಹುಡುಕಬೇಕಾದದ್ದು ಖಾತರಿಯ ಹಣ ಎಷ್ಟು ಎಂಬುದನ್ನು, ಏಕೆಂದರೆ ಉಳಿದ ವರ್ಷಗಳಿದ್ದರೂ ತಂಡ ಆಟಗಾರನನ್ನು ಕೈಬಿಡಬಹುದು. ರೆವಿಸ್ ಅವರ ಕಥೆ ಇದಕ್ಕೆ ಒಳ್ಳೆಯ ಪಾಠ. 2009ರಲ್ಲಿ ಆಂಡ್ರೆ ಜಾನ್ಸನ್, ರ್‍ಯಾಂಡಿ ಮಾಸ್, ಟೆರೆಲ್ ಓವನ್ಸ್ ಅವರಂಥ ರಿಸೀವರ್‌ಗಳನ್ನು ಬಹುಪಾಲು ಒಬ್ಬರೇ ಕಟ್ಟಿಹಾಕಿದ ಅವರ ಕಡೆಯ ಮೈದಾನಕ್ಕೆ ‘ರೆವಿಸ್ ದ್ವೀಪ’ ಎಂಬ ಹೆಸರೇ ಬಂತು. 2012ರ ಮೂರನೇ ಪಂದ್ಯದಲ್ಲಿ ಅವರ ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿಯಿತು. 2013ರಲ್ಲಿ ಜೆಟ್ಸ್ ಅವರನ್ನು ಟ್ಯಾಂಪಾ ಬೇ ಬಕನೀರ್ಸ್‌ಗೆ ಕೊಟ್ಟಿತು. ಅಲ್ಲಿ ಅವರು ಸಹಿ ಹಾಕಿದ್ದು ಆರು ವರ್ಷಕ್ಕೆ 9.6 ಕೋಟಿ ಡಾಲರ್ ಒಪ್ಪಂದಕ್ಕೆ, ಆದರೆ ಅದರಲ್ಲಿ ಖಾತರಿಯ ಹಣ ಇರಲಿಲ್ಲ. ಒಂದೇ ಋತುವಿನ ನಂತರ ತಂಡ ಅವರನ್ನು ಬಿಟ್ಟಿತು. ಪೇಟ್ರಿಯಟ್ಸ್ ಸೇರಿ 2014ರ ಋತುವಿನಲ್ಲಿ ಸೂಪರ್ ಬೌಲ್ ಗೆದ್ದರು. ಮರುವರ್ಷ ಜೆಟ್ಸ್‌ಗೆ ಮರಳಿದಾಗ ಒಪ್ಪಂದದಲ್ಲಿ 3.9 ಕೋಟಿ ಡಾಲರ್ ಖಾತರಿಯಿತ್ತು.

ದೊಡ್ಡ ಒಪ್ಪಂದದೊಂದಿಗೆ ತಂಡ ಬದಲಾದಾಗ ಇನ್ನೊಂದನ್ನು ಕೇಳಿಕೊಳ್ಳಿ: ಹೊಸ ತಂಡ ಆತನ ಕೈಯಲ್ಲಿ ಮಾಡಿಸುವುದು ಹಳೆಯ ಕೆಲಸವನ್ನೇ? ರೈಡರ್ಸ್‌ನಲ್ಲಿ ಮ್ಯಾನ್ ಕವರೇಜ್‌ನಿಂದ ಹೆಸರಾಗಿದ್ದ ಆಸಮ್ವಾ 2011ರಲ್ಲಿ ಐದು ವರ್ಷಕ್ಕೆ 6 ಕೋಟಿ ಡಾಲರ್ ಒಪ್ಪಂದದ ಮೇಲೆ ಫಿಲಡೆಲ್ಫಿಯಾ ಈಗಲ್ಸ್ ಸೇರಿದರು. ಅಲ್ಲಿನ ವ್ಯವಸ್ಥೆ ಅವರಿಗೆ ಹೊಂದಲಿಲ್ಲ, ಎರಡು ಋತುಗಳಲ್ಲಿ ನಂಟು ಮುಗಿಯಿತು. ರಾಂಡೆ ಬಾರ್ಬರ್ ಅವರದು ತದ್ವಿರುದ್ಧ. ಬಕನೀರ್ಸ್‌ನಲ್ಲೇ 16 ಋತು ಆಡಿ, ಜೋನ್ ಕವರೇಜ್‌ನಲ್ಲೂ ಒಳಭಾಗದ ಸ್ಲಾಟ್ ಸ್ಥಾನದಲ್ಲೂ ಪಳಗಿ, 47 ಇಂಟರ್‌ಸೆಪ್ಷನ್ ಜೊತೆಗೆ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ 28 ಸ್ಯಾಕ್‌ಗಳನ್ನೂ ಗಳಿಸಿದರು.

ಗಾಯ, ವಯಸ್ಸು ಮತ್ತು ಸ್ಥಾನಪಲ್ಲಟ

ಹಿಂದಕ್ಕೆ ಓಡುತ್ತ, ರಿಸೀವರ್ ತಿರುಗಿದೊಡನೆ ತಾನೂ ತಿರುಗಬೇಕಾದ ಆಟಗಾರನಿಗೆ ಮೊಣಕಾಲು ಮತ್ತು ಅಕಿಲಿಸ್ ಸ್ನಾಯುರಜ್ಜುವಿನ ಗಾಯಗಳು ಅತ್ಯಂತ ಕ್ರೂರ. ಗಾಯದ ನಂತರದ ಮೊದಲ ಋತುವಿನಲ್ಲಿ ಆತ ರಿಸೀವರ್‌ನಿಂದ ಎಷ್ಟು ದೂರ ನಿಲ್ಲುತ್ತಿದ್ದಾನೆ ಎಂಬುದನ್ನು ಹಳೆಯ ಹಾಳೆಯೊಂದಿಗೆ ಹೋಲಿಸಿ. ಕಾಲಿನ ಮೇಲಿನ ನಂಬಿಕೆ ಕಡಿಮೆಯಾದರೆ ಆ ಅಂತರ ಹೆಚ್ಚುತ್ತದೆ.

ವಯಸ್ಸಾದಂತೆ ಹಲವರು ಸೇಫ್ಟಿ ಸ್ಥಾನಕ್ಕೆ ಸರಿಯುತ್ತಾರೆ. ಅಲ್ಲಿ ಇಡೀ ಆಟ ಕಣ್ಣೆದುರಿಗಿರುತ್ತದೆ, ಅನುಭವ ವೇಗದ ಕೊರತೆಯನ್ನು ತುಂಬುತ್ತದೆ. ಇದನ್ನು ಹಿಂಬಡ್ತಿ ಎಂದು ಓದಬೇಡಿ: ರಾಡ್ ವುಡ್ಸನ್ 37ರ ವಯಸ್ಸಿನಲ್ಲಿ, 2002ರಲ್ಲಿ, ಸೇಫ್ಟಿಯಾಗಿ 8 ಇಂಟರ್‌ಸೆಪ್ಷನ್ ಪಡೆದರು. ಚಾರ್ಲ್ಸ್ ವುಡ್ಸನ್ ಕೂಡ ಕೊನೆಯ ಋತುಗಳನ್ನು ಹಾಗೆಯೇ ಆಡಿದರು. ವಾಷಿಂಗ್ಟನ್‌ನ ಡ್ಯಾರೆಲ್ ಗ್ರೀನ್ ಅವರಂತೆ ಒಂದೇ ತಂಡದಲ್ಲಿ 1983ರಿಂದ 2002ರವರೆಗೆ 20 ಋತು ಕಾರ್ನರ್‌ಬ್ಯಾಕ್ ಆಗಿಯೇ ಉಳಿದವರು ತೀರ ಅಪರೂಪ.

ನಿವೃತ್ತಿಯ ಐದು ವರ್ಷಗಳ ನಂತರ ಓಹಾಯೊದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಆಟಗಾರನ ಹೆಸರು ಪರಿಗಣನೆಗೆ ಬರುತ್ತದೆ. ನಿಮ್ಮ ಅಳತೆಗೋಲನ್ನು ಪರೀಕ್ಷಿಸಿಕೊಳ್ಳಲು 2023ರಲ್ಲಿ ಅಲ್ಲಿಗೆ ಒಟ್ಟಿಗೇ ಸೇರಿದ ಮೂವರು ಕಾರ್ನರ್‌ಬ್ಯಾಕ್‌ಗಳನ್ನು ಬಳಸಿಕೊಳ್ಳಿ. 29 ಇಂಟರ್‌ಸೆಪ್ಷನ್‌ಗಳ ರೆವಿಸ್ ಅರ್ಹರಾದ ಮೊದಲ ವರ್ಷವೇ ಆಯ್ಕೆಯಾದರು. 47ರ ಬಾರ್ಬರ್ ಕೆಲವು ವರ್ಷ ಕಾದರು. 1969ರಿಂದ 1983ರವರೆಗೆ ಸಿನ್ಸಿನಾಟಿ ಬೆಂಗಾಲ್ಸ್ ಪರ ಆಡಿ 65 ಇಂಟರ್‌ಸೆಪ್ಷನ್ ಪಡೆದ ಕೆನ್ ರೈಲಿ ಒಮ್ಮೆಯೂ ಋತುವಿನ ತಾರೆಯರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾಗಿರಲಿಲ್ಲ. ಹಾಲ್ ಆಫ್ ಫೇಮ್‌ನ ಗೌರವ ಬರುವ ಹೊತ್ತಿಗೆ ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಈ ಮೂರು ಹೆಸರುಗಳಿಗೆ ಮೂರು ಹಾಳೆ ತೆಗೆದಿಟ್ಟು, ಎಸೆದ ಪಾಸ್‌ಗಳು, ನಿಂತ ಜಾಗ, ಕಾವಲಿನ ವಿಧ, ಕಾಲಮಾನದ ನಿಯಮ ಎಲ್ಲವನ್ನೂ ತುಂಬಿ. ರೈಲಿ ಅವರ ಹಾಳೆಯಲ್ಲಿ ಹಲವು ಅಂಕಣಗಳು ಖಾಲಿ ಉಳಿಯುತ್ತವೆ, ಏಕೆಂದರೆ ಅವರು ಆಡಿದ ಕಾಲದಲ್ಲಿ ಒಬ್ಬ ಕಾರ್ನರ್‌ಬ್ಯಾಕ್‌ನ ಕಡೆ ಎಷ್ಟು ಪಾಸ್ ಎಸೆದರೆಂಬ ಲೆಕ್ಕವನ್ನು ಲೀಗ್ ಅಧಿಕೃತವಾಗಿ ಇಡುತ್ತಿರಲಿಲ್ಲ. ಅಲ್ಲಿ ಹಳೆಯ ಪಂದ್ಯಗಳ ಚಿತ್ರಸುರುಳಿಗಳನ್ನೇ ಹುಡುಕಿ ನೋಡಬೇಕಾಗುತ್ತದೆ.