ಓಡೋರು ಯೋಗ ಯಾವಾಗ ಮಾಡ್ಬೇಕು

ಕಬ್ಬನ್ ಪಾರ್ಕಲ್ಲಿ ಬೆಳಿಗ್ಗೆ ನೋಡ್ತಿರ್ತೀನಿ, ಎಷ್ಟೋ ಜನ ಓಟ ಶುರು ಮಾಡೋ ಮುಂಚೆನೇ ಪಶ್ಚಿಮೋತ್ತಾನಾಸನದಲ್ಲಿ ಕಾಲು ಮುಂದಕ್ಕೆ ಚಾಚಿ ಒಂದೆರಡು ನಿಮಿಷ ಬಗ್ಗಿ ಕೂತಿರ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ತಣ್ಣಗಿರೋ ಸ್ನಾಯುನ ಅಷ್ಟು ಹೊತ್ತು ಎಳೆದು ಹಿಡಿದ್ರೆ ಓಡುವಾಗ ಕಾಲಿಗೆ ಬೇಕಾದ ಪವರ್ ಕಮ್ಮಿ ಆಗುತ್ತೆ. ಮುಂಚೆ 3-4 ಸುತ್ತು ಸೂರ್ಯನಮಸ್ಕಾರ ಸಾಕು, ಮೈ ಬಿಸಿಯಾಗುತ್ತೆ. ಹಿಡಿದು ನಿಲ್ಲೋ ಆಸನಗಳೆಲ್ಲ ಓಟ ಮುಗಿದ ಮೇಲೆ, ಇಲ್ಲಾ ಸಂಜೆ.

ನನಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ಸುಪ್ತ ಪಾದಾಂಗುಷ್ಠಾಸನ. ಅಂಗಾತ ಮಲಗಿ ಒಂದು ಕಾಲು ಮೇಲಕ್ಕೆತ್ತಿ, ಹೆಬ್ಬೆರಳು ಕೈಗೆ ಸಿಗದಿದ್ರೆ ಪಾದಕ್ಕೆ ಟವೆಲ್ ಹಾಕಿ ಹಿಡ್ಕೊಳ್ಳಿ, ಇದರಲ್ಲಿ ನಾಚಿಕೆ ಏನೂ ಇಲ್ಲ, ನಮ್ಮ ಕೋಲಾರದ ಬೆಳ್ಳೂರಲ್ಲಿ ಹುಟ್ಟಿದ ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರೇ ಮೈ ಬಗ್ಗದವರಿಗೆ ಬೆಲ್ಟು, ಬ್ಲಾಕು ಕೊಟ್ಟು ಕಲಿಸ್ತಿದ್ರು. ಮಂಡಿ ಸ್ವಲ್ಪ ಮಡಚಿದ್ರೂ ಪರವಾಗಿಲ್ಲ, ಆದ್ರೆ ಇನ್ನೊಂದು ಕಡೆ ಸೊಂಟ ನೆಲ ಬಿಡಬಾರದು. ಒಂದೊಂದು ಕಾಲಿಗೆ 30-40 ಸೆಕೆಂಡು, ಮೂಗಲ್ಲೇ ನಿಧಾನ ಉಸಿರು, ತೊಡೆ ಹಿಂದೆ ಎಳೆತ ಗೊತ್ತಾಗ್ಬೇಕು, ಮಂಡಿ ಹಿಂದೆ ಚುಚ್ಚಿದ್ರೆ ಕಾಲು ಇಳಿಸಿ.

ದಿನವಿಡೀ ಆಫೀಸ್ ಕುರ್ಚಿಯಲ್ಲಿ ಕೂರೋರಿಗೆ ಸೊಂಟದ ಮುಂಭಾಗ ಬಿಗಿಯಾಗಿರುತ್ತೆ, ಅವರು ಆಂಜನೇಯಾಸನ (ಒಂದು ಕಾಲು ಮುಂದಿಟ್ಟು ಮಡಚಿ, ಹಿಂದಿನ ಕಾಲಿನ ಮಂಡಿ ನೆಲಕ್ಕೂರಿ ಸೊಂಟ ಮುಂದಕ್ಕೆ ತರೋದು) ಸೇರಿಸ್ಕೊಳ್ಳಿ. ಒಂಟಿ ಕಾಲಲ್ಲಿ ನಿಲ್ಲೋ ವೃಕ್ಷಾಸನ ಹಲ್ಲುಜ್ಜುವಾಗ್ಲೂ ಮಾಡ್ಬಹುದು, ಪಾದದ ಕೀಲು ಗಟ್ಟಿ ಆಗುತ್ತೆ, ನಮ್ಮ ಫುಟ್‌ಪಾತ್‌ಗಳಿಗೆ ಅದು ಬೇಕೇ ಬೇಕು! ಲಾಂಗ್ ರನ್ ದಿನ ರಾತ್ರಿ ಗೋಡೆಗೆ ಕಾಲು ಆನಿಸಿ 5 ನಿಮಿಷ ಮಲಗಿ.

ಸ್ನಾಯು ಹರಿದಿದೆ ಅನ್ನೋ ಡೌಟ್ ಇದ್ರೆ ಮಾತ್ರ ಯಾವ ಆಸನನೂ ಬೇಡ, ಮೊದಲು ಫಿಸಿಯೋ ಹತ್ರ ತೋರಿಸಿ.