ಚೆಕ್ ಎಂಜಿನ್ ಲೈಟ್ ಬಂತಾ? ಮೊದಲು ಕೋಡ್ ಓದಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಮೊದಲು ಲೈಟ್ ಹೇಗೆ ಉರಿಯುತ್ತಿದೆ ನೋಡಿ. ಒಂದೇ ಸಮ ಉರಿಯುತ್ತಿದ್ದು ಗಾಡಿ ಮಾಮೂಲಿನಂತೆ ಓಡುತ್ತಿದ್ದರೆ ಅಷ್ಟೊಂದು ಗಾಬರಿ ಬೇಡ. ಮಿಣುಕುತ್ತಿದ್ದರೆ ಮಾತ್ರ ಬದಿಗೆ ನಿಲ್ಲಿಸಿ ಆಫ್ ಮಾಡಿ. ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಜೋರಾಗಿದೆ ಅಂತ ಅರ್ಥ, ಉರಿಯದೆ ಉಳಿದ ಪೆಟ್ರೋಲ್ ಹೊಗೆ ಪೈಪಿಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಟ್ಟುಬಿಡಬಹುದು.

ಲೈಟ್ ಬಂದಾಗ ಗಾಡಿಯ ಕಂಪ್ಯೂಟರ್ ತೊಂದರೆಯನ್ನು ಒಂದು ಕೋಡ್ ಆಗಿ ಬರೆದಿಟ್ಟಿರುತ್ತದೆ, ಅದನ್ನು ಓದುವ ಸಾಧನವೇ ರೀಡರ್ (ಒಬಿಡಿ ಸ್ಕ್ಯಾನರ್). ಅದನ್ನು ಸಿಕ್ಕಿಸುವ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಇರುತ್ತದೆ. 16 ಪಿನ್, ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ತಿರುಗುಮುರುಗಾಗಿ ಕೂರುವುದಿಲ್ಲ, ಹಾಗಾಗಿ ಒತ್ತಾಯ ಮಾಡಬೇಡಿ. ಕೀ ಆಫ್ ಇದ್ದಾಗ ಸಿಕ್ಕಿಸಿ, ಆಮೇಲೆ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ರೀಡರಿಗೆ ಬೇರೆ ಬ್ಯಾಟರಿ ಬೇಕಿಲ್ಲ, ಕರೆಂಟ್ ಆ ಸಾಕೆಟ್ಟಿನಿಂದಲೇ ಬರುತ್ತದೆ.

ಈಗ ಕೋಡ್ ಓದಿ. ಬಂದದ್ದನ್ನೆಲ್ಲ ಬರೆದಿಟ್ಟುಕೊಳ್ಳಿ, ಪೆಂಡಿಂಗ್ (ಇನ್ನೂ ಖಚಿತವಾಗದ ಕೋಡ್) ಅಂತ ತೋರಿಸಿದ್ದನ್ನೂ. ಫ್ರೀಜ್ ಫ್ರೇಮ್ ಇದ್ದರೆ ಅದನ್ನೂ ಫೋಟೋ ತೆಗೆದುಕೊಳ್ಳಿ. ತೊಂದರೆ ಆದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಬಿಸಿಯಾಗಿತ್ತಾ ತಣ್ಣಗಿತ್ತಾ ಎಲ್ಲ ಅದರಲ್ಲಿರುತ್ತದೆ. ಅಳಿಸಿಬಿಟ್ಟರೆ ಅದೂ ಹೋಯಿತು.

ಎಲ್ಲರೂ ಎಡವುವುದು ಇಲ್ಲೇ. ಕೋಡ್ ಯಾವ ಪಾರ್ಟ್ ಹಾಳಾಗಿದೆ ಅಂತ ಹೇಳುವುದಿಲ್ಲ, ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ ಅಷ್ಟೇ. ನನಗೆ ಒಮ್ಮೆ ಪಿ0171 ಬಂತು, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂದುಕೊಂಡು ಹೊಸದು ಹಾಕಿದೆ, ಎರಡೇ ದಿನಕ್ಕೆ ಅದೇ ಲೈಟ್ ಮತ್ತೆ ಹಾಜರ್. ಕೊನೆಗೆ ನೋಡಿದರೆ ಒಂದು ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿತ್ತು! ರೀಡರ್ ತೋರಿಸುವ ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ) ನೋಡಿದ್ದರೆ ಆಗಲೇ ಸುಳಿವು ಸಿಗುತ್ತಿತ್ತು. ಐಡ್ಲಿಂಗ್‌ನಲ್ಲಿ +20% ಹತ್ತಿರ ಇದ್ದದ್ದು 2500 ಆರ್‌ಪಿಎಂಗೆ ಏರಿಸಿದಾಗ ಇಳಿದುಬಿಟ್ಟರೆ, ಎಲ್ಲೋ ಗಾಳಿ ನುಸುಳುತ್ತಿದೆ ಅಂತ ಅನುಮಾನ ಪಡಬೇಕು. ಸೆನ್ಸರ್ ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು.

ಮಿಸ್‌ಫೈರ್ ಕೋಡ್ ಇದಕ್ಕಿಂತ ಸುಲಭ. ಪಿ0302 ಅಂದರೆ ಎರಡನೇ ಸಿಲಿಂಡರ್. ಒಂದೊಂದು ಸಿಲಿಂಡರಿಗೂ ಬೇರೆ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಪಾರ್ಟ್) ಇದ್ದರೆ, ಎಂಜಿನ್ ಆಫ್ ಮಾಡಿ, ಎರಡನೆಯದನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಸ್ವಲ್ಪ ಓಡಿಸಿ. ಪಿ0303 ಬಂದರೆ ಕಳ್ಳ ಕಾಯಿಲ್ಲೇ. ಮತ್ತೆ ಪಿ0302 ಬಂದರೆ ಸ್ಪಾರ್ಕ್ ಪ್ಲಗ್, ಆಮೇಲೆ ಇಂಜೆಕ್ಟರ್ ನೋಡಿ. ಖರ್ಚಿಲ್ಲದ ಪರೀಕ್ಷೆ, ಅಲ್ವಾ?

ಪಿ1 ಅಂತ ಶುರುವಾಗುವ ಕೋಡ್‌ಗಳು ಕಂಪನಿಯಿಂದ ಕಂಪನಿಗೆ ಬೇರೆ. ಸಿಕ್ಕಿದ ಪಟ್ಟಿ ನೋಡಿ ಅರ್ಥ ಮಾಡಬೇಡಿ, ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ಲೇ ನೋಡಿ.

ಹಾಗೇ, ಹೊಗೆ ತಪಾಸಣೆಗೆ ಹೋಗುವ ಹಿಂದಿನ ದಿನ ಕೋಡ್ ಅಳಿಸುವ ಜಾಣತನ ಬೇಡ. ಅಳಿಸಿದರೆ ರೆಡಿನೆಸ್ ಮಾನಿಟರ್‌ಗಳೂ (ಗಾಡಿ ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯಾ ಅಂತ ತೋರಿಸುವ ಗುರುತುಗಳು) ಸೊನ್ನೆಗೆ ಬರುತ್ತವೆ, ಮತ್ತೆ ತುಂಬಲು ಕೆಲವು ದಿನ ಓಡಿಸಬೇಕಾಗಬಹುದು. ರಿಪೇರಿ ಮುಗಿದ ಮೇಲೆ ಅಳಿಸಿ, ವಾರ ಬಿಟ್ಟು ಇನ್ನೊಮ್ಮೆ ರೀಡರ್ ಸಿಕ್ಕಿಸಿ ಪೆಂಡಿಂಗ್ ಖಾಲಿ ಇದೆಯಾ ನೋಡಿ.