ಬಣ್ಣದ ಆಂಟಿಬಾಡಿಗಳಿಂದ ಬಿಳಿ ರಕ್ತಕಣಗಳನ್ನು ಗುರುತಿಸುವುದು ಹೇಗೆ?

ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಲಿಂಫೋಸೈಟ್‌ಗಳೆಲ್ಲ ಮೈಕ್ರೋಸ್ಕೋಪಿನಡಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅವನ್ನು ಬೇರೆಬೇರೆಯಾಗಿ ಗುರುತಿಸಬೇಕಾದರೆ ಮೇಲ್ಮೈ ಪ್ರೋಟೀನ್‌ಗಳನ್ನೇ ನೋಡಬೇಕು. ಒಂದೊಂದು ಪ್ರೋಟೀನಿಗೇ ಅಂಟುವ ಆಂಟಿಬಾಡಿಗೆ ಬಣ್ಣ ಜೋಡಿಸಿದರೆ ಅವು ಕಾಣುತ್ತವೆ. ಈ ಪ್ರೋಟೀನ್‌ಗಳಿಗೆ ‘ಸಿಡಿ’ ಮತ್ತು ಒಂದು ಸಂಖ್ಯೆ ಸೇರಿದ ಹೆಸರಿರುತ್ತದೆ. ಸಿಡಿ3 ಇದ್ದರೆ ಟಿ ಕಣ. ಅದರಲ್ಲಿ ಸಿಡಿ4 ಇರುವುದು ಸಹಾಯಕ ಕಣ, ಸಿಡಿ8 ಇರುವುದು ಸೋಂಕಿತ ಕಣಗಳನ್ನು ಕೊಲ್ಲುವಂಥದ್ದು. ಸಿಡಿ19 ಬಿ ಕಣದ ಗುರುತು, ಸಿಡಿ14 ಇನ್ನೊಂದು ಬಗೆಯ ಬಿಳಿ ಕಣವಾದ ಮೋನೋಸೈಟ್‌ನದು. ಸಿಡಿ3 ಇಲ್ಲದೆ ಸಿಡಿ56 ಇದ್ದರೆ ಎನ್‌ಕೆ ಕಣ. ಮುಂದಿನ ವಿಧಾನ ರಕ್ತದಿಂದ ಬೇರ್ಪಡಿಸಿದ ಪಿಬಿಎಂಸಿ ಕಣಗಳಿಗೆ (ಮುಖ್ಯವಾಗಿ ಲಿಂಫೋಸೈಟ್, ಮೋನೋಸೈಟ್‌ಗಳು), ಫ್ಲೋ ಸೈಟೋಮೀಟರ್‌ನಲ್ಲಿ (ಕಣಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಹೊಳಪು ಅಳೆಯುವ ಯಂತ್ರ) ಓದಿಸುವುದಕ್ಕೆ.

ಯಾವ ಗುರುತಿಗೆ ಯಾವ ಬಣ್ಣ

ಕಣದ ಮೇಲೆ ಹೇರಳವಾಗಿರುವ ಪ್ರೋಟೀನಿಗೆ ಮಂದ ಬಣ್ಣ ಸಾಕು, ವಿರಳವಾಗಿರುವುದಕ್ಕೆ ಪ್ರಖರ ಬಣ್ಣ ಬೇಕು. ಹೇರಳವಾದ ಸಿಡಿ8ಕ್ಕೆ ಮಂದ ಬಣ್ಣವಾದ ಎಫ್‌ಐಟಿಸಿ ನಡೆಯುತ್ತದೆ. ವಿರಳವಾದ ಸಿಡಿ25ಕ್ಕೆ ಪ್ರಖರ ಬಣ್ಣವಾದ ಪಿಇ ಕೊಡಿ. ಎಫ್‌ಐಟಿಸಿ ಸುಮಾರು 520 ನ್ಯಾನೋಮೀಟರ್‌ನಲ್ಲಿ, ಪಿಇ 578ರಲ್ಲಿ, ಎಪಿಸಿ ಎಂಬ ಇನ್ನೊಂದು ಬಣ್ಣ 660ರಲ್ಲಿ ಹೊಳೆಯುತ್ತವೆ. ಮೊದಲೆರಡೂ ಒಂದರ ಡಿಟೆಕ್ಟರಿಗೆ ಇನ್ನೊಂದು ಸೋರುವಷ್ಟು ಹತ್ತಿರ. ಹಾಗಾಗಿ ಒಂದೇ ಕಣದ ಮೇಲೆ ಒಟ್ಟಿಗಿರುವ ಎರಡು ಗುರುತುಗಳಿಗೆ, ಅದರಲ್ಲೂ ಒಂದು ಮಂದವಾಗಿದ್ದರೆ, ಈ ಜೋಡಿ ಬೇಡ. ಕ್ಲೋನ್ (ಆಂಟಿಬಾಡಿ ಯಾವ ಕಣವಂಶದಿಂದ ಬಂದದ್ದು ಎಂಬ ಗುರುತು) ಕೂಡ ನೋಡಿ: ಸಿಡಿ4ರ ಓಕೆಟಿ4 ಕ್ಲೋನ್ ಕೆಲವರ ಕಣಗಳಿಗೆ ಆನುವಂಶಿಕ ವ್ಯತ್ಯಾಸದಿಂದಾಗಿ ಅಂಟುವುದೇ ಇಲ್ಲ.

ಟೈಟ್ರೇಷನ್ ಬಿಡಬೇಡಿ

ಟೈಟ್ರೇಷನ್ ಎಂದರೆ ಆಂಟಿಬಾಡಿಯ ಸರಿಯಾದ ಪ್ರಮಾಣವನ್ನು ಪರೀಕ್ಷಿಸಿ ಕಂಡುಕೊಳ್ಳುವುದು. ಅನೇಕ ಪ್ರಯೋಗಗಳು ಕೆಡುವುದು ಯಂತ್ರದಲ್ಲಲ್ಲ, ಇಲ್ಲಿ. ಬಾಟಲಿಯ ಮೇಲೆ 5 ಮೈಕ್ರೋಲೀಟರ್ ಎಂದಿದ್ದರೆ 5, 2.5, 1.25, 0.6, 0.3, 0.15 ಹೀಗೆ ಅರ್ಧರ್ಧ ಇಳಿಸುತ್ತ ಆರು ಟ್ಯೂಬ್ ಮಾಡಿ. ಇಷ್ಟು ಸಣ್ಣ ಪ್ರಮಾಣ ಪಿಪೆಟ್‌ಗೆ ನಿಖರವಾಗಿ ಸಿಗದು, ಆದ್ದರಿಂದ ಮೊದಲೇ ಬಫರ್‌ನಲ್ಲಿ ದುರ್ಬಲಗೊಳಿಸಿಕೊಳ್ಳಿ. ಪ್ರತಿಯೊಂದರಲ್ಲೂ 10 ಲಕ್ಷ ಕಣ, ಒಟ್ಟು 100 ಮೈಕ್ರೋಲೀಟರ್. ಓದಿಸಿದ ಮೇಲೆ ಪಾಸಿಟಿವ್ ಗುಂಪಿನ (ಆಂಟಿಬಾಡಿ ಅಂಟಿದ ಕಣಗಳ) ಹೊಳಪಿನ ಮೀಡಿಯನ್‌ನಿಂದ ನೆಗೆಟಿವ್‌ನದನ್ನು (ಅಂಟದ ಕಣಗಳದ್ದನ್ನು) ಕಳೆದು, ನೆಗೆಟಿವ್‌ನ ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಎರಡರಷ್ಟರಿಂದ ಭಾಗಿಸಿ. ಈ ಸ್ಟೇನ್ ಇಂಡೆಕ್ಸ್ ಎಲ್ಲಿ ಅತಿ ಹೆಚ್ಚೋ ಅದೇ ನಿಮ್ಮ ಪ್ರಮಾಣ. ಆಂಟಿಬಾಡಿ ಜಾಸ್ತಿಯಾದರೆ ನೆಗೆಟಿವ್ ಗುಂಪು ಗ್ರಾಫ್‌ನಲ್ಲಿ ಬಲಕ್ಕೆ ಜರುಗಿ ಅಗಲವಾಗುತ್ತದೆ. ಕಡಿಮೆಯಾದರೆ ಪಾಸಿಟಿವ್ ಕುಸಿದು, ಕಣಗಳ ಸಂಖ್ಯೆ ತುಸು ಬದಲಾದರೂ ಫಲಿತಾಂಶ ಬದಲಾಗುತ್ತದೆ. ದ್ರಾವಣ ಎರಡರಷ್ಟಾದರೆ ಆಂಟಿಬಾಡಿಯೂ ಎರಡರಷ್ಟಾಗಬೇಕು, ಏಕೆಂದರೆ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ಸಾಂದ್ರತೆ.

ಬಣ್ಣ ಹಾಕುವ ಕ್ರಮ

ಕೈಗವಸು ತೊಟ್ಟು, ಸೇಫ್ಟಿ ಕ್ಯಾಬಿನೆಟ್‌ನಲ್ಲೇ ಕೆಲಸ ಮಾಡಿ. ಮನುಷ್ಯರ ರಕ್ತವನ್ನು ಯಾವಾಗಲೂ ಸೋಂಕಿರಬಹುದೆಂದೇ ಎಣಿಸಬೇಕು.

ಮೊದಲು ಸತ್ತ ಕಣಗಳನ್ನು ಗುರುತಿಸುವ ಬಣ್ಣ. ಸತ್ತ ಕಣ ಎಲ್ಲ ಆಂಟಿಬಾಡಿಗಳನ್ನೂ ಹೀರಿಕೊಂಡು ಇಲ್ಲದ ಗುಂಪೊಂದನ್ನು ತೋರಿಸುತ್ತದೆ. ಫಿಕ್ಸ್ ಮಾಡಿದರೂ (ರಾಸಾಯನಿಕದಿಂದ ಕಣಗಳನ್ನು ಇದ್ದಂತೆಯೇ ಹಿಡಿದಿಟ್ಟರೂ) ಉಳಿಯುವ ಬಗೆಯ ಈ ಬಣ್ಣ ಪ್ರೋಟೀನಿಗೆ ಅಂಟುವಂಥದ್ದು, ಹಾಗಾಗಿ ಸೀರಂ ಇಲ್ಲದ ಶುದ್ಧ ಪಿಬಿಎಸ್‌ನಲ್ಲೇ (ಫಾಸ್ಫೇಟ್ ಬೆರೆತ ಉಪ್ಪುನೀರು) ಹಾಕಿ. ಸೀರಂ ಇದ್ದರೆ ಬಣ್ಣ ಅಲ್ಲೇ ಖರ್ಚಾಗಿ ಕಣಗಳಿಗೆ ಉಳಿಯುವುದಿಲ್ಲ.

ಆಮೇಲೆ ಪಿಬಿಎಸ್‌ಗೆ ಶೇ. 2 ಸೀರಂ, ಕಣಗಳು ಗಂಟುಕಟ್ಟದಂತೆ ತಡೆಯುವ ಇಡಿಟಿಎ 2 ಮಿಲಿಮೋಲಾರ್ ಸೇರಿಸಿದ ಬಫರ್‌ನಲ್ಲಿ ತೊಳೆಯಿರಿ. ಆಂಟಿಬಾಡಿಯ ಬಾಲ ಹಿಡಿಯುವ ತಾಣಗಳನ್ನು ಮುಚ್ಚುವ ಎಫ್‌ಸಿ ಬ್ಲಾಕ್ ಹಾಕಿ 10 ನಿಮಿಷ ಬಿಡಿ, ತೊಳೆಯಬೇಡಿ. ಇದಿಲ್ಲದಿದ್ದರೆ ಮೋನೋಸೈಟ್‌ಗಳು ಆಂಟಿಬಾಡಿಯ ಬಾಲವನ್ನೇ ಹಿಡಿದುಕೊಳ್ಳುತ್ತವೆ. ಆಂಟಿಬಾಡಿ ಬಾಟಲಿಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದ ಗಂಟು ಕಲಕದಂತೆ ಮೇಲಿನಿಂದ ತೆಗೆಯಿರಿ. ಎಲ್ಲವನ್ನೂ ಒಂದೇ ಮಿಶ್ರಣ ಮಾಡಿ ಹಾಕಿ, 4 ಡಿಗ್ರಿಯಲ್ಲಿ ಕತ್ತಲಲ್ಲಿ 30 ನಿಮಿಷ ಇಡಿ. 2 ಮಿಲಿಲೀಟರ್ ಬಫರ್ ಸುರಿದು 400 ಜಿಯಲ್ಲಿ (ಗುರುತ್ವದ 400 ಪಟ್ಟು ಬಲ) 5 ನಿಮಿಷ ತಿರುಗಿಸಿ, ಎರಡು ಸಲ. 300 ಮೈಕ್ರೋಲೀಟರ್‌ನಲ್ಲಿ ಕಲಕಿ, 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ.

ಕಂಟ್ರೋಲ್‌ಗಳೂ ಗೇಟ್‌ಗಳೂ

ಬಣ್ಣವಿಲ್ಲದ್ದು ಒಂದು ಟ್ಯೂಬ್, ಪ್ರತಿ ಬಣ್ಣಕ್ಕೂ ಅದೊಂದೇ ಇರುವ ಟ್ಯೂಬ್ ಒಂದೊಂದು. ಸೋರಿಕೆಯನ್ನು ಲೆಕ್ಕಹಾಕಿ ಕಳೆಯುವುದಕ್ಕೆ (ಕಾಂಪೆನ್ಸೇಷನ್) ಬಳಸುವ ಈ ಒಂದೇ ಬಣ್ಣದ ಟ್ಯೂಬ್ ಮಾದರಿಯಷ್ಟಾದರೂ ಹೊಳೆಯಬೇಕು. ಪಿಇ-ಸೈ7ರಂಥ, ಎರಡು ಬಣ್ಣ ಬೆಸೆದು ಮಾಡಿದ ಜೋಡಿ ಬಣ್ಣಕ್ಕೆ ಪ್ರಯೋಗದಲ್ಲಿ ಬಳಸುವ ಬಾಟಲಿಯನ್ನೇ ಬಳಸಿ, ಲಾಟ್ ಬದಲಾದರೆ ಸೋರಿಕೆಯೂ ಬದಲಾಗುತ್ತದೆ. ಮಂದ ಗುರುತಿಗೆ ಗೇಟ್ (ಗ್ರಾಫ್‌ನಲ್ಲಿ ಒಂದು ಗುಂಪನ್ನು ಬೇರ್ಪಡಿಸುವ ಗೆರೆ) ಎಲ್ಲಿ ಹಾಕಬೇಕೆಂದು ಹೇಳುವುದು ಎಫ್‌ಎಂಒ ಟ್ಯೂಬ್: ಆ ಒಂದು ಬಣ್ಣ ಬಿಟ್ಟು ಉಳಿದೆಲ್ಲವೂ ಇರುವಂಥದ್ದು.

ಗೇಟ್ ಹಾಕುವಾಗ ಒಂಟಿ ಕಣ, ಬದುಕಿರುವ ಕಣ, ಸಿಡಿ3, ಆಮೇಲೆ ಸಿಡಿ4 ಮತ್ತು ಸಿಡಿ8. ಸಿಡಿ3 ದಾಟದೆ ನೇರ ಸಿಡಿ4ಕ್ಕೆ ಹೋದರೆ ಮೋನೋಸೈಟ್‌ಗಳೂ ಸೇರಿಕೊಳ್ಳುತ್ತವೆ, ಅವುಗಳ ಮೇಲೂ ಸಿಡಿ4 ತೆಳುವಾಗಿ ಇದೆ. ಹಾಗೆಯೇ ಎನ್‌ಕೆ ಕಣಗಳ ಒಂದು ಪಾಲು ಮಂದ ಸಿಡಿ8 ಆಗಿ ತೋರುತ್ತದೆ.

ಅದೇ ದಿನ ಓದಿಸಲಾಗದಿದ್ದರೆ ಶೇ. 1 ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿ 4 ಡಿಗ್ರಿಯಲ್ಲಿಡಿ. ಕಂಟ್ರೋಲ್ ಟ್ಯೂಬ್‌ಗಳನ್ನೂ ಅದೇ ರೀತಿ ಫಿಕ್ಸ್ ಮಾಡಿ. ಜೋಡಿ ಬಣ್ಣಗಳು ಹೀಗಿಟ್ಟಾಗಲೂ ನಿಧಾನವಾಗಿ ಒಡೆಯುತ್ತವೆ: ಪಿಇ-ಸೈ7ರ ಕಣಗಳು ಪಿಇ ಡಿಟೆಕ್ಟರಿನಲ್ಲಿ ಪಾಸಿಟಿವ್ ಆಗಿ ಕಾಣತೊಡಗಿದರೆ ಅನುಮಾನಿಸಬೇಕಾದದ್ದು ಇದನ್ನೇ. ಆಂಟಿಬಾಡಿ ಬಾಟಲಿಗಳನ್ನಂತೂ ಫ್ರೀಜ್ ಮಾಡಲೇಬಾರದು, ಪಿಇ ಮತ್ತು ಎಪಿಸಿ ಪ್ರೋಟೀನ್ ಬಣ್ಣಗಳು. ಹೆಪ್ಪುಗಟ್ಟಿ ಕರಗಿದರೆ ಹೊಳಪು ಹೋಗುತ್ತದೆ.